ಪಿಎಂ ಕಿಸಾನ್: ದುಡ್ಡು ಪೂರ್ತಿ ಬರುತ್ತದೆ, ಹೊತ್ತಿಗೆ ಬರುವುದಿಲ್ಲ

ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ದುಡ್ಡಿಗೆ ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ಮಳೆ ನಂಬಿದ ಶೇಂಗಾ ಹೊಲ. ಪಹಣಿ ಅಮ್ಮನ ಹೆಸರಲ್ಲಿದೆ. 2019ರಲ್ಲಿ ಯೋಜನೆ ಶುರುವಾದಾಗಿನಿಂದ ಅವಳ ಫೋನಿಗೆ ಬರುವ ಮೆಸೇಜ್ ಓದಿ ಹೇಳುವುದು ನಾನೇ.

ವರ್ಷಕ್ಕೆ 6000 ರೂಪಾಯಿ, 2000ದಂತೆ ಮೂರು ಕಂತು. ಒಂದು ರೂಪಾಯಿಯೂ ಕಡಿಮೆಯಾಗದೆ ನೇರ ಖಾತೆಗೆ ಬೀಳುತ್ತದೆ. ಯಾರ ಕೈ ಬಿಸಿ ಮಾಡುವುದೂ ಬೇಡ. ಅಮ್ಮ ಆ ದುಡ್ಡನ್ನು ಅಪ್ಪನನ್ನೂ ಕೇಳದೆ, ನನ್ನನ್ನೂ ಕೇಳದೆ ಗೊಬ್ಬರಕ್ಕೆ ಹಾಕುತ್ತಾಳೆ. ಇದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ನನ್ನ ತಕರಾರು ಹೊತ್ತಿನದು. ನಮ್ಮ ಕಡೆ ಶೇಂಗಾ ಬಿತ್ತನೆ ಜೂನ್, ಜುಲೈನಲ್ಲಿ. 2024ರಲ್ಲಿ ಕಂತು ಜೂನ್ 18ಕ್ಕೆ ಬಿಡುಗಡೆಯಾಯಿತು. 1350 ರೂಪಾಯಿಯ ಡಿಎಪಿ ಗೊಬ್ಬರದ ಚೀಲವನ್ನು ಸಾಲ ಹೇಳದೆ ಮನೆಗೆ ತಂದೆವು. 2025ರಲ್ಲಿ ಅದೇ ಕಂತು ಬಂದಿದ್ದು ಆಗಸ್ಟ್ 2ಕ್ಕೆ. ಅಷ್ಟೊತ್ತಿಗೆ ಬೀಜ ಹುಟ್ಟಿ ಎಡೆ ಹೊಡೆಯುವ ಕೆಲಸ ನಡೆದಿತ್ತು. ದುಡ್ಡು ಅಂಗಡಿಯ ಬಾಕಿಗೆ ಹೋಯಿತು. ಎರಡು ಸಲವೂ ವಾರಾಣಸಿಯ ಕಾರ್ಯಕ್ರಮದಲ್ಲೇ ಬಿಡುಗಡೆ ಮಾಡಿದ್ದು. ಏಪ್ರಿಲ್‌ನಿಂದ ಜುಲೈವರೆಗಿನ ಕಂತನ್ನು ಕಾರ್ಯಕ್ರಮಕ್ಕೆ ಕಾಯದೆ ಮೇ ಕೊನೆಗೇ ಹಾಕಿಬಿಡಬಹುದು, ಅಲ್ವಾ?

ಮೊತ್ತವೂ ಅಷ್ಟೇ, 2019ರ 6000 ಇವತ್ತಿಗೂ 6000. ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ 4000 ಕೊಡುತ್ತಿತ್ತು, 2023ರ ನಂತರ ಅದೂ ನಿಂತಿತು. ಒಂದು ಕಂತಿನಲ್ಲಿ ಒಂದು ಎಕರೆಗೆ ಬೇಕಾದ ಶೇಂಗಾ ಬೀಜವೂ ಪೂರ್ತಿ ಬರುವುದಿಲ್ಲ.

ಒಮ್ಮೆ ಅಮ್ಮನ ದುಡ್ಡು ಕಾಣೆಯಾಯಿತು. ವೆಬ್‌ಸೈಟಿನಲ್ಲಿ ಪಾವತಿ ಆಗಿದೆ ಅಂತ ತೋರಿಸುತ್ತಿತ್ತು, ಪಾಸ್‌ಬುಕ್‌ನಲ್ಲಿ ಇಲ್ಲ. ಬ್ಯಾಂಕಿನವರು ಕೃಷಿ ಇಲಾಖೆ ಕೇಳಿ ಎಂದರು, ಅಲ್ಲಿ ಹೋದರೆ ಬ್ಯಾಂಕ್ ಕೇಳಿ ಎಂದರು. ಅಮ್ಮ ಬಿಸಿಲಲ್ಲಿ ಸುಮ್ನೆ ಓಡಾಡಿದಳು. ವಿಷಯ ಏನೆಂದರೆ, ಈ ದುಡ್ಡು ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಸ್ತ್ರೀಶಕ್ತಿ ಸಂಘದ ಸಾಲಕ್ಕೆಂದು ಅವಳು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಳು. ಆಗ ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ಕಂತು ಅಲ್ಲಿ ಹಾಗೇ ಬಿದ್ದಿತ್ತು. ಇದನ್ನು ಎರಡೂ ಕಡೆ ಯಾರೂ ಹೇಳಲಿಲ್ಲ. ನಿಮಗೂ ಹೀಗಾದರೆ ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಯಾವ ಬ್ಯಾಂಕ್ ಅಂತ ಅಲ್ಲೇ ಬರುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು, ಓಟಿಪಿ ಅದಕ್ಕೇ ಬರುವುದು. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು, ಬಾಕಿ ಇದ್ದರೂ ಕಂತು ನಿಲ್ಲುತ್ತದೆ. ಹೊಲದ ಕೆಲಸಕ್ಕೆ ಹೆಬ್ಬೆಟ್ಟಿನ ಗೆರೆ ಸವೆದವರು ಮುಖ ತೋರಿಸಿಯೂ ಪಿಎಂ ಕಿಸಾನ್ ಆಪ್‌ನಲ್ಲಿ ಮಾಡಬಹುದು. ಅಮ್ಮನದು ಹಾಗೇ ಆಗಿದ್ದು.

ನನಗೆ ಜಾಸ್ತಿ ನೋವು ಕೊಡುವುದು ಪಟ್ಟಿಯಲ್ಲೇ ಇಲ್ಲದವರ ವಿಷಯ. ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಉಳಿದಿದ್ದರೆ, ಪೌತಿ ಖಾತೆ ಆಗುವವರೆಗೆ, ಅಂದರೆ ಪಹಣಿ ವಾರಸುದಾರರ ಹೆಸರಿಗೆ ಬದಲಾಗುವವರೆಗೆ, ಮೊಮ್ಮಕ್ಕಳಿಗೆ ಕಂತಿಲ್ಲ. ಅದಕ್ಕಾದರೂ ದಾರಿ ಇದೆ, ಅರ್ಜಿ ಹಾಕಿ ಮಾಡಿಸಿಕೊಳ್ಳಿ. ಗುತ್ತಿಗೆಗೆ ಮಾಡುವವರಿಗೆ ಆ ದಾರಿಯೂ ಇಲ್ಲ. ನಮ್ಮ ಪಕ್ಕದ ಹೊಲ ಮಾಡುವ ದಂಪತಿ ಬಡ್ಡಿ ಸಾಲ ತಂದು ಬೀಜ ಹಾಕುತ್ತಾರೆ. ಮಳೆ ಕೈಕೊಟ್ಟರೆ ನಷ್ಟವೆಲ್ಲ ಅವರದೇ. ಕಂತು ಮಾತ್ರ ಊರು ಬಿಟ್ಟು ಹೋದ ಜಮೀನಿನ ಒಡೆಯರ ಖಾತೆಗೆ ಬೀಳುತ್ತದೆ. ಮೊತ್ತ ಹೆಚ್ಚಿಸುವ ಮೊದಲು ಸರ್ಕಾರ ಇವರ ಹೆಸರು ಸೇರಿಸಲಿ.