ತೋಡಿಯ ಗಾಂಧಾರಕ್ಕೆ ಚಕ್ರವೋ, ಲಿವರೋ, ಪ್ಯಾಡೋ?

ಕಕ್ಕಡ ಮಾಸದ ಮಳೆಯಲ್ಲಿ ತೋಟದ ಕೆಲಸಗಳೆಲ್ಲ ಅರ್ಧಕ್ಕರ್ಧ ನಿಂತಿದ್ದಾಗ, ಸುಂಟಿಕೊಪ್ಪದ ಬಳಿ ಕಾಫಿ ತೋಟವಿರುವ ಸ್ನೇಹಿತರೊಬ್ಬರ ಮನೆಯಲ್ಲಿ ಮೂರು ಹಳೆಯ ಅನಲಾಗ್ ಸಿಂಥಸೈಜರ್‌ಗಳನ್ನು (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಲಿವಾದ್ಯಗಳನ್ನು) ಸಾಲಾಗಿ ಇಟ್ಟುಕೊಂಡು ಹತ್ತು ದಿನ ನುಡಿಸಿದೆವು. ಮಿನಿಮೂಗ್ ಮತ್ತು ಆರ್ಪ್ ಒಡಿಸ್ಸಿ ಅವರವು. ರೋಲ್ಯಾಂಡ್ ಎಸ್‌ಎಚ್-101 ನಾನು ಮಡಿಕೇರಿಯಿಂದ ಒಯ್ದದ್ದು. ಈ ಮೂರರ ನಾದದ ಗುಣಾವಗುಣಗಳನ್ನು ಅಳೆಯುವುದು ನನ್ನ ಉದ್ದೇಶವಾಗಿರಲಿಲ್ಲ. ಬಾಲ್ಯದಲ್ಲಿ ನಾಲ್ಕು ವರ್ಷ ವೀಣೆ ಕಲಿತ ನನಗೆ, ಇವುಗಳ ಮೇಲೆ ಗಮಕ, ಅಂದರೆ ಸ್ವರವನ್ನು ತೂಗಿಸುವ, ಜಾರಿಸುವ ಕ್ರಮ, ಎಷ್ಟರಮಟ್ಟಿಗೆ ಕೂರುತ್ತದೆ ಎಂಬುದಷ್ಟೇ ತಿಳಿಯಬೇಕಾಗಿತ್ತು.

ಈ ಮೂರರಲ್ಲಿ ಯಾವುದರ ಕೀಲಿಗಳೂ ಬೆರಳಿನ ರಭಸವನ್ನು ಗುರುತಿಸುವುದಿಲ್ಲ. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಬರುವ ಸ್ವರ ಒಂದೇ ಆದ್ದರಿಂದ, ಭಾವದ ಹೊಣೆಯೆಲ್ಲ ಎಡಗೈಗೆ ಬೀಳುತ್ತದೆ. ಪರೀಕ್ಷೆಗೆ ತೋಡಿ ರಾಗದ ಗಾಂಧಾರವನ್ನು ಆರಿಸಿಕೊಂಡೆ. ರಿಷಭ ಮಧ್ಯಮಗಳ ನಡುವೆ ತೂಗಾಡುವ ಈ ಸ್ವರವನ್ನು ಕೀಲಿಯ ಮೇಲೆ ನೇರವಾಗಿ ಒತ್ತಿದರೆ ತೋಡಿ ಅಲ್ಲೇ ಸತ್ತುಹೋಗುತ್ತದೆ. ಸಿ ಸ್ವರವನ್ನು ಷಡ್ಜವಾಗಿ ಇಟ್ಟುಕೊಂಡರೆ ಶುದ್ಧ ರಿಷಭ ಸಿ-ಶಾರ್ಪ್, ಶುದ್ಧ ಮಧ್ಯಮ ಎಫ್. ನಡುವಿನ ಅಂತರ 4 ಅರ್ಧಸ್ವರ. ವೀಣೆಯಲ್ಲಿ ರಿಷಭದ ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿಯನ್ನು ಎಳೆಯುವ ಹಾಗೆ, ಇಲ್ಲಿ ರಿಷಭದ ಕೀಲಿಯನ್ನು ಬಲಗೈಯಲ್ಲಿ ಹಿಡಿದು ಎಳೆತವನ್ನು ಎಡಗೈಗೆ ಬಿಟ್ಟೆ. ತೀರ್ಪಿಗೆ ಸ್ನೇಹಿತರ ತಾಯಿ ಇದ್ದರು. ವೀಣೆ ಬಲ್ಲ ಅವರು ಒಳಕೋಣೆಯಲ್ಲಿ ಕುಳಿತು, ಯಾವ ವಾದ್ಯವೆಂದು ಕಾಣದೆಯೇ ಕೇಳುತ್ತಿದ್ದರು.

1970ರಲ್ಲಿ ಬಂದ ಮಿನಿಮೂಗ್‌ನ 44 ಕೀಲಿಗಳ ಎಡಕ್ಕೆ ಎರಡು ಚಕ್ರಗಳಿವೆ: ಒಂದು ಶ್ರುತಿಯನ್ನು ಬಾಗಿಸಲು, ಇನ್ನೊಂದು ಮಾಡ್ಯುಲೇಶನ್ನಿನ, ಅಂದರೆ ನಾದಕ್ಕೆ ಸೇರಿಸುವ ಅಲುಗಾಟದ, ಪ್ರಮಾಣಕ್ಕೆ. ಶ್ರುತಿಯ ಚಕ್ರಕ್ಕೆ ಸ್ಪ್ರಿಂಗ್ ಇಲ್ಲ. ನಡುವಿನಲ್ಲಿ ಮಾತ್ರ ಬೆರಳಿಗೆ ತಾಗುವಂಥ ಸಣ್ಣ ತಡೆಯಿದೆ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಈ ಗುಣ ಮೊದಲ ದಿನ ನನಗೆ ಶತ್ರುವಿನಂತೆ ಕಂಡಿತು, ಏಕೆಂದರೆ ಪ್ರತಿ ಗಮಕದ ನಂತರವೂ ಶ್ರುತಿ ಅಪಶ್ರುತಿಯಾಗಿ ಉಳಿಯುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಆ ನಡುವಿನ ತಡೆಯೇ ನನ್ನ ರಿಷಭವಾಯಿತು: ಚಕ್ರವನ್ನು ಹೆಬ್ಬೆರಳಿನಿಂದ ಮೇಲಕ್ಕೆ ಮಧ್ಯಮದವರೆಗೆ ತಳ್ಳಿ, ಮರಳಿ ತರುವಾಗ ಅದು ಕಟ್ಟೆಗೆ ತಾಗಿದಂತೆ ನಿಲ್ಲುತ್ತಿತ್ತು. ವಿಳಂಬದ ಆಲಾಪನೆಗೆ ಇದಕ್ಕಿಂತ ಹಿತವಾದದ್ದು ನನಗೆ ಸಿಕ್ಕಿಲ್ಲ. ಗಾಂಧಾರದ ಹತ್ತಿರ ಅರೆಗಳಿಗೆ ತಂಗಿ, ಮುಂದೆ ಹೋಗಬೇಕೋ ಬೇಡವೋ ಎಂದು ಯೋಚಿಸುವ ಅವಕಾಶ ಈ ಚಕ್ರದಲ್ಲಿದೆ. ಆದರೆ ಲಯ ಏರಿದ ಕೂಡಲೇ ಹೆಬ್ಬೆರಳು ಸೋಲುತ್ತದೆ, ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಅದೊಂದೇ ನಡೆಯಬೇಕಲ್ಲ. ಇನ್ನೊಂದು ತೊಡಕು ಕೀಲಿಗಳದ್ದು. ಒಟ್ಟಿಗೆ ಒತ್ತಿದ ಕೀಲಿಗಳಲ್ಲಿ ಅತಿ ಕೆಳಗಿನದನ್ನಷ್ಟೇ ಮಿನಿಮೂಗ್ ನುಡಿಸುವುದರಿಂದ, ಮೇಲಿನ ಸ್ವರವನ್ನು ಹಿಡಿದು ಕೆಳಗಿನದನ್ನು ತಟ್ಟುವುದು ಸೊಗಸಾಗಿ ಬಂದರೂ, ಕೆಳಗಿನದನ್ನು ಹಿಡಿದು ಮೇಲಿನದನ್ನು ತಟ್ಟಿದರೆ ಏನೂ ಕೇಳಿಸುವುದಿಲ್ಲ.

ಒಡಿಸ್ಸಿಯ ಬಗ್ಗೆ ಹೆಚ್ಚು ಬರೆಯಲಾರೆ. 1972ರ ಮೊದಲ ಮಾದರಿಯಲ್ಲಿ ಶ್ರುತಿ ಬಾಗಿಸಲು ತಿರುಗಿಸುವ ನಾಬ್ ಇತ್ತು. ಸ್ನೇಹಿತರದ್ದು ಅನಂತರದ ಮಾದರಿ, ಅದರಲ್ಲಿ ಮೂರು ರಬ್ಬರ್ ಪ್ಯಾಡ್‌ಗಳಿವೆ. ಎಡದ್ದು ಶ್ರುತಿಯನ್ನು ಇಳಿಸಿದರೆ ಬಲದ್ದು ಏರಿಸುತ್ತದೆ, ನಡುವಿನದು ವೈಬ್ರೇಟೋ (ಸ್ವರದ ನಡುಕ) ಕೊಡುತ್ತದೆ, ಒತ್ತಿದಷ್ಟು ಫಲ. ಕೈ ತೆಗೆದರೆ ಸ್ವರ ತಾನಾಗಿ ಮನೆಗೆ ಮರಳುತ್ತದೆ ಎಂಬುದು ದೊಡ್ಡ ಅನುಕೂಲವೇ. ಆದರೆ ಬೆರಳು ಎಲ್ಲಿಗೂ ಚಲಿಸದ ಕಾರಣ ಎಷ್ಟು ದೂರ ಬಂದೆವೆಂಬುದು ಕಿವಿಗೆ ಮಾತ್ರ ಗೊತ್ತು, ಕೈಗೆ ಗೊತ್ತಿಲ್ಲ. ಸಾಲದ್ದಕ್ಕೆ ಇಷ್ಟು ವರ್ಷಗಳಲ್ಲಿ ಆ ಪ್ಯಾಡ್‌ಗಳು ಗಟ್ಟಿಯಾಗಿದ್ದವು. ಮಧ್ಯಮವನ್ನು ಮುಟ್ಟಲು ನಾನು ಉಗುರು ಬೆಳ್ಳಗಾಗುವಷ್ಟು ಒತ್ತಬೇಕಾಯಿತು. ಒಳಗಿನಿಂದ ಬಂದ ತೀರ್ಪು ಚುಟುಕಾಗಿತ್ತು: “ಇದು ಗಾಂಧಾರ ಅಲ್ಲಪ್ಪ, ಸೈರನ್ನು.”

ಮೂರರಲ್ಲಿ ಅಗ್ಗದ್ದೂ ಹಗುರವಾದದ್ದೂ ನನ್ನ ಎಸ್‌ಎಚ್-101. 1982ರ, 32 ಕೀಲಿಗಳ ಪ್ಲಾಸ್ಟಿಕ್ ಮೈಯ ವಾದ್ಯ. ಅದರ ಲಿವರನ್ನು ಎಡಬಲಕ್ಕೆ ಸರಿಸಿದರೆ ಶ್ರುತಿ ಬಾಗುತ್ತದೆ, ಮುಂದಕ್ಕೆ ನೂಕಿದರೆ ಮಾಡ್ಯುಲೇಶನ್ ಸೇರುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ಎಳೆದು ತರುತ್ತದೆ. ಎಳೆದ ತಂತಿ ಬೆರಳನ್ನು ಹಿಂದಕ್ಕೆ ಜಗ್ಗುವುದು ವೀಣೆ ನುಡಿಸಿದವರಿಗೆಲ್ಲ ಗೊತ್ತು; ಸ್ವರವನ್ನು ತೂಗಿಸುವ ಕಂಪಿತ ಗಮಕದ ಅರ್ಧ ಕೆಲಸವನ್ನು ಆ ಜಗ್ಗುವಿಕೆಯೇ ಮಾಡುತ್ತದೆ. ಈ ಲಿವರಿನಲ್ಲಿಯೂ ಹಾಗೆಯೇ ಆಗುತ್ತದೆ: ನಾನು ಹೋಗುವ ದಾರಿಯನ್ನು ಮಾತ್ರ ನೋಡಿಕೊಂಡರೆ ಸಾಕು, ಬರುವ ದಾರಿ ಸ್ಪ್ರಿಂಗಿನದು. ಬಾಗು ಎಷ್ಟಿರಬೇಕೆಂದು ನಿಗದಿಪಡಿಸುವ ಸ್ಲೈಡರ್ ಲಿವರಿನ ಪಕ್ಕದಲ್ಲೇ ಇದೆ. ಅದನ್ನು ಲಿವರ್ ತುದಿಗೆ ತಾಗಿದಾಗ ಸರಿಯಾಗಿ ಮಧ್ಯಮ ಬರುವಂತೆ ಹೊಂದಿಸಿದ ಮೇಲೆ ತಪ್ಪುವ ಭಯವೇ ಉಳಿಯಲಿಲ್ಲ. ನಾದದ ಹೊಳಪನ್ನು ಹೆಚ್ಚು ಕಡಿಮೆ ಮಾಡುವ ಫಿಲ್ಟರಿಗೂ ಅಂಥದೇ ಇನ್ನೊಂದು ಸ್ಲೈಡರ್ ಇದೆ. ಅದನ್ನು ಕೂದಲೆಳೆಯಷ್ಟು ಏರಿಸಿದರೆ ಸ್ವರ ಮೇಲೇರುವಾಗ ನಾದವೂ ತುಸು ಬಿಚ್ಚಿಕೊಂಡು, ಹಾಡುವವರು ಬಾಯಿ ತೆರೆದಂತಾಗುತ್ತದೆ. ಜಾರು ಎಂಬ ಗಮಕಕ್ಕೆ, ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೋ ಸ್ವಿಚ್ಚಿನ ಆಟೋ ಸ್ಥಾನ ಉಪಯುಕ್ತ: ಒಂದು ಕೀಲಿಯನ್ನು ಬಿಡದೆ ಇನ್ನೊಂದನ್ನು ಒತ್ತಿದಾಗ ಮಾತ್ರ ಸ್ವರ ಜಾರುತ್ತದೆ, ಬಿಡಿಸಿ ಒತ್ತಿದರೆ ನೇರವಾಗಿ ಬರುತ್ತದೆ. ಕುಂದೆಂದರೆ ಲಿವರಿನ ಓಟ ಗಿಡ್ಡ, ನಡುದಾರಿಯಲ್ಲಿ ಸ್ಥಿರವಾಗಿ ನಿಲ್ಲಿಸುವುದು ಮಣಿಕಟ್ಟಿಗೆ ಶಿಕ್ಷೆ.

ಯಮಾಹಾ ಸಿಎಸ್-80 ಎಂಬ ಇನ್ನೊಂದು ಸಿಂಥಸೈಜರಿನಲ್ಲಿ ಪ್ರತಿಯೊಂದು ಕೀಲಿಯೂ ತನ್ನ ಮೇಲಿನ ಒತ್ತಡವನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ, ಜೊತೆಗೆ ಬೆರಳು ಜಾರಿಸುವ ಉದ್ದನೆಯ ಪಟ್ಟಿಯೂ ಇದೆ. ನಾನು ಅದನ್ನು ಮುಟ್ಟಿದವನಲ್ಲವಾದ್ದರಿಂದ ಈ ಹೋಲಿಕೆಗೆ ಎಳೆದು ತರುವುದಿಲ್ಲ.

ಕೊಡಗಿನ ಮಳೆಗಾಲವೂ ತನ್ನ ಪಾಲಿನ ತೀರ್ಪು ಕೊಟ್ಟಿತು. ಮಿನಿಮೂಗ್ ಬಿಸಿಯಾಗಿ ಶ್ರುತಿಗೆ ನಿಲ್ಲಲು ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ ಬೇಡುತ್ತಿತ್ತು. ಬೂಷ್ಟು ಹಿಡಿಯದಿರಲೆಂದು ಸ್ನೇಹಿತರು ಅದನ್ನು ಸಣ್ಣ ಬಲ್ಬು ಉರಿಯುವ ಬೀರುವಿನಲ್ಲಿಡುತ್ತಾರೆ. ಎಂಟನೆಯ ದಿನ ಮರ ಬಿದ್ದು ಕರೆಂಟು ಹೋದಾಗ ಉಳಿದದ್ದು ಆರು ದಪ್ಪ ಬ್ಯಾಟರಿಗಳಲ್ಲಿ ನಡೆಯುವ ಎಸ್‌ಎಚ್-101 ಒಂದೇ. ಅಂದು ಸಂಜೆ ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ ನುಡಿಸಿದ ಗಾಂಧಾರಕ್ಕೆ ಒಳಕೋಣೆಯಿಂದ ಮೊದಲ ಸಲ “ಹ್ಞೂಂ” ಎಂದು ಕೇಳಿಸಿತು. ಅದೇ ತಾಯಿ ಮರುದಿನ, ಕರೆಂಟು ಬಂದ ಮೇಲೆ, ವಿಳಂಬದಲ್ಲಿ ಮಿನಿಮೂಗ್‌ನ ಚಕ್ರವನ್ನೇ ಒಪ್ಪಿದರು. ನನ್ನ ಮನಸ್ಸು ಮಾತ್ರ ಲಿವರಿನ ಕಡೆಗೇ ಇದೆ. ಅದರ ಸ್ಲೈಡರಿನ ಪಕ್ಕ ಪೆನ್ಸಿಲಿನಲ್ಲಿ ಎರಡು ಗೆರೆ ಹಾಕಿಕೊಂಡಿದ್ದೇನೆ: ಒಂದು ರಿಷಭದಿಂದ ಮಧ್ಯಮಕ್ಕೆ, ಇನ್ನೊಂದು ಪಂಚಮದಿಂದ ತಾರಷಡ್ಜಕ್ಕೆ.