ಚಿಕ್ಕ ಮೈಟರ್ ಸಾ: ಸ್ಲೈಡ್ ಬೇಕಾ, ಬೇಡ್ವಾ?

ಮೈಟರ್ ಸಾ ಅಂದರೆ ಪಟ್ಟಿಯನ್ನು ಬೇಕಾದ ಕೋನಕ್ಕೆ ಅಡ್ಡ ಕೊಯ್ಯುವ ಕರೆಂಟಿನ ಅಥವಾ ಬ್ಯಾಟರಿಯ ಗರಗಸ. ಸ್ಲೈಡ್ ಅಂದರೆ ಬ್ಲೇಡನ್ನು ಹಿಂದೆಮುಂದೆ ಜಾರಿಸುವ ಹಳಿ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಚಿಕ್ಕಪುಟ್ಟ ಮರಗೆಲಸ ಹಿಡಿಯುವವರು ಮೊದಲು ಸಾದ ತೂಕ ನೋಡಿ. ಲಿಫ್ಟ್ ಇಲ್ಲದ ಬಿಲ್ಡಿಂಗಿನ 4ನೇ ಮಹಡಿಗೆ ಹೊರುವವರು ನೀವೇ ಅಲ್ವಾ?

ಸ್ಲೈಡ್ ಇಲ್ಲದ, 10 ಇಂಚು ಬ್ಲೇಡಿನ ಸಾ ಸುಮಾರು 11 ಕಿಲೋ. ಮಲಗಿಸಿದ ಪಟ್ಟಿಯನ್ನು ಹೆಚ್ಚುಕಡಿಮೆ 130 ಮಿ.ಮೀ. ಅಗಲದವರೆಗೆ ನೇರ ಕೊಯ್ಯುತ್ತದೆ. ಸ್ಕರ್ಟಿಂಗ್, ಬಾಗಿಲ ಪಟ್ಟಿ, ಫೋಟೋ ಫ್ರೇಮ್‌ಗೆ ಇಷ್ಟು ಸಾಕು.

8.5 ಇಂಚಿನ ಸ್ಲೈಡಿಂಗ್ ಸಾ 14 ಕಿಲೋ ಅಥವಾ ಅದಕ್ಕೂ ಜಾಸ್ತಿ. ಬ್ಲೇಡ್ ಚಿಕ್ಕದಾದರೂ ಹಳಿಯ ಮೇಲೆ ಜಾರುವುದರಿಂದ 300 ಮಿ.ಮೀ. ಅಗಲದ ಹಲಗೆಯೂ ಒಂದೇ ಸಲಕ್ಕೆ ತುಂಡಾಗುತ್ತದೆ. ಬೀರುವಿನ ಶೆಲ್ಫ್ ಮಾಡುವವರಿಗೆ ಇದೇ ಸರಿ. ಆದರೆ ಹಲವು ಮಾಡೆಲ್‌ಗಳಲ್ಲಿ ಹಳಿ ಹಿಂದಕ್ಕೆ ಚಾಚುತ್ತದೆ. ಮುಂಬೈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಗೋಡೆಗೆ ಒತ್ತಿ ಇಡೋಕಾಗಲ್ಲ. ಹಳಿ ಸಡಿಲಾದರೆ ಕೋನವೂ ಕೆಡುತ್ತದೆ.

6.5 ಇಂಚಿನ ಬ್ಯಾಟರಿ ಸಾ 6–7 ಕಿಲೋ ಅಷ್ಟೇ. ಕೊಯ್ಯುವ ಅಗಲ ಸುಮಾರು 90 ಮಿ.ಮೀ.ಗೇ ನಿಲ್ಲುತ್ತದೆ. ಅದೇ ಕಂಪನಿಯ ಬ್ಯಾಟರಿ ಮೊದಲೇ ಇದ್ದರೆ ಮಾತ್ರ ಯೋಚಿಸಿ.

ನನ್ನನ್ನು ಕೇಳಿದರೆ, ಓಡಾಟದ ಕೆಲಸಕ್ಕೆ ಸ್ಲೈಡ್ ಇಲ್ಲದ್ದು, ವರ್ಕ್‌ಶಾಪಿಗೆ ಸ್ಲೈಡಿಂಗ್. ಕೊಯ್ಯುವ ಗೆರೆ ತೋರಿಸುವ ಲೇಸರ್ ಇದೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಆ ದುಡ್ಡನ್ನು 60 ಹಲ್ಲಿನ ಒಳ್ಳೆ ಬ್ಲೇಡಿಗೆ ಹಾಕಿ. ಅಲ್ಯೂಮಿನಿಯಂ ಕೊಯ್ಯುವುದಿದ್ದರೆ ಅದಕ್ಕೆಂದೇ ಇರುವ ಬ್ಲೇಡ್ ಬೇರೆ ಬೇಕು. ಮುಂಬೈಯ ಉಪಕರಣಗಳ ಮಾರುಕಟ್ಟೆ ನಾಗದೇವಿ ಸ್ಟ್ರೀಟಿಗೆ ಹೋಗುವಾಗ ಗುಣಿಯ (ಮೂಲೆಮಟ್ಟ) ಜೊತೆಗಿರಲಿ. ಅಂಗಡಿಯಲ್ಲೇ 90 ಮತ್ತು 45 ಡಿಗ್ರಿ ಹಿಡಿದು ನೋಡಿ.