ಐರಿಷ್ ಪೆನ್ಷನರ್ ಗಾರ್ಡ್‌ನ ಮೂಲ ಹುಡುಕಲು ಫೈಂಡ್‌ಮೈಪಾಸ್ಟ್: ಒಂದು ತಿಂಗಳ ಚಂದಾ ಸಾಕು

1850ರ ಜೂನ್ 1ರಂದು ಸಿಂಡಿಯನ್ ಹಡಗು 75 ಕೈದಿಗಳೊಂದಿಗೆ ಪಶ್ಚಿಮ ಆಸ್ಟ್ರೇಲಿಯಾದ ಬಂದರು ಫ್ರೀಮ್ಯಾಂಟಲ್‌ಗೆ ಬಂತು. ಹಡಗಿನಲ್ಲಿ ಅವರಿಗೆ ಕಾವಲಾಗಿ ಬಂದವರು ಬ್ರಿಟಿಷ್ ಸೇನೆಯಿಂದ ನಿವೃತ್ತರಾದ ಪಿಂಚಣಿದಾರರು, ಅಂದರೆ ಪೆನ್ಷನರ್ ಗಾರ್ಡ್‌ಗಳು. ಹೆಂಡತಿ ಮಕ್ಕಳೂ ಜೊತೆಗಿದ್ದರು. 1868ರ ಜನವರಿಯಲ್ಲಿ ಹೂಗೋಮಾಂಟ್ ಹಡಗು ಕೊನೆಯ ಕೈದಿಗಳನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಳಿಸುವವರೆಗೂ ಇದೇ ಏರ್ಪಾಡು ನಡೆಯಿತು. ಆ ಹಡಗಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 62 ಐರಿಷ್ ಬಂಡಾಯಗಾರರಿದ್ದರು, ಇವರನ್ನು ಫೀನಿಯನ್ನರು ಅನ್ನುತ್ತಿದ್ದರು. ಕಾವಲು ಪಡೆಯಲ್ಲೂ ಐರಿಷರಿಗೆ ಕೊರತೆಯಿರಲಿಲ್ಲ ಅನ್ನುವುದೇ ಈ ಚರಿತ್ರೆಯ ವಿಚಿತ್ರ. ಇಂಥ ಗಾರ್ಡ್ ಒಬ್ಬನ ವಂಶ ಹುಡುಕುವವರು ಮೊದಲು ಕೇಳುವುದು, ವಂಶಾವಳಿ ದಾಖಲೆಗಳ ಜಾಲತಾಣವಾದ ಫೈಂಡ್‌ಮೈಪಾಸ್ಟ್‌ಗೆ ದುಡ್ಡು ಕಟ್ಟಬೇಕೇ ಎಂದು. ಕಟ್ಟಬಹುದು, ಆದರೆ ಒಂದು ತಿಂಗಳಿಗೆ ಮಾತ್ರ. ಅದೂ ಪುಕ್ಕಟೆ ಸಿಗುವುದನ್ನೆಲ್ಲ ಮುಗಿಸಿಕೊಂಡ ಮೇಲೆ.

ಈ ತಾಣದ ನಿಜವಾದ ಸರಕು ಡಬ್ಲ್ಯುಓ 97 ಎಂಬ, ಬ್ರಿಟನ್ನಿನ ವಾರ್ ಆಫೀಸ್ (ಯುದ್ಧ ಇಲಾಖೆ) ದಾಖಲೆ ಸರಣಿ. ಸೇನಾ ಪಿಂಚಣಿ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಚೆಲ್ಸೀ ರಾಯಲ್ ಹಾಸ್ಪಿಟಲ್‌ನಿಂದ ಪಿಂಚಣಿ ಪಡೆದ ಸೈನಿಕರ ಸೇವಾ ಕಾಗದಗಳು ಇದರಲ್ಲಿವೆ. ಪೆನ್ಷನರ್ ಗಾರ್ಡ್ ಅಂದಮೇಲೆ ಪಿಂಚಣಿ ಇದ್ದೇ ಇತ್ತು, ಹಾಗಾಗಿ ಸಾಮಾನ್ಯ ಸಿಪಾಯಿಗಿಂತ ಇವನ ಕಾಗದ ಉಳಿದಿರುವ ಸಾಧ್ಯತೆ ಹೆಚ್ಚು. ಒಂದು ಡಿಸ್ಚಾರ್ಜ್ (ಸೇನೆಯಿಂದ ಬಿಡುಗಡೆಯ) ಕಾಗದ ತೆರೆದರೆ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಹತ್ತಿರದ ಪಟ್ಟಣ, ಕೌಂಟಿ, ಸೇರಿದಾಗಿನ ವಯಸ್ಸು, ಕಸುಬು (ಬಹುತೇಕ 'ಕೂಲಿ'), ಯಾವ ದೇಶದಲ್ಲಿ ಎಷ್ಟು ವರ್ಷ, ನಡತೆ, ಬಿಡುಗಡೆಗೆ ಕಾರಣ ಎಲ್ಲ ಸಿಗುತ್ತವೆ. ಕೊನೆಯಲ್ಲಿ ಎತ್ತರ, ಮೈಬಣ್ಣ, ಕಣ್ಣು, ಕೂದಲು. ಸಹಿಯ ಜಾಗವನ್ನು ತಪ್ಪದೆ ನೋಡಿ. ಅಲ್ಲಿ ಹೆಸರಿನ ಬದಲು ಬರೀ ಗುಣಾಕಾರದ ಗುರುತಿದ್ದು, ಪರ್ತ್‌ನ ಕಾಗದದಲ್ಲಿ ಮಾತ್ರ ನೀಟಾದ ಸಹಿ ಇದ್ದರೆ ನೀವು ಬೇರೊಬ್ಬನ ಹಿಂದೆ ಬಿದ್ದಿರಬಹುದು.

ಇಲ್ಲಿ ಸಿಗದಿರುವುದು ಕುಟುಂಬ. 1883ಕ್ಕೆ ಮೊದಲು ಬಿಡುಗಡೆಯಾದವರ ಕಾಗದಗಳಲ್ಲಿ ತಂದೆತಾಯಿ, ಹೆಂಡತಿ, ಮಕ್ಕಳ ಹೆಸರನ್ನು ನಿರೀಕ್ಷಿಸಬೇಡಿ. ತಾಣದ ಜಾಹೀರಾತು ನೋಡಿ ಇಡೀ ವಂಶವೃಕ್ಷ ಕೈಗೆ ಬರುತ್ತದೆ ಅಂದುಕೊಂಡವರಿಗೆ ನಿರಾಸೆ ಖಂಡಿತ.

ಹುಡುಕುವ ಕ್ರಮಕ್ಕೆ ಬರೋಣ. ಮೊದಲು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಕ್ಯಾಟಲಾಗ್‌ಗೆ ಹೋಗಿ. 1854ರವರೆಗೆ ಬಿಡುಗಡೆಯಾದವರನ್ನು ಅಲ್ಲಿ ಹೆಸರಿನಿಂದಲೇ ಹುಡುಕಬಹುದು. ಹುಟ್ಟಿದ ಊರು, ರೆಜಿಮೆಂಟ್, ಬಿಡುಗಡೆಯ ವಯಸ್ಸು ಪುಕ್ಕಟೆ ಸಿಗುತ್ತವೆ. ದುಡ್ಡು ಬೇಕಾಗುವುದು ಮೂಲ ಕಾಗದದ ಚಿತ್ರಕ್ಕೆ. ಲಂಡನ್ ಕ್ಯೂನಲ್ಲಿರುವ ಆರ್ಕೈವ್ಸ್ ಕಟ್ಟಡದಲ್ಲಿ ಅಥವಾ ವಂಶ ಹುಡುಕಾಟಕ್ಕೆಂದೇ ಇರುವ ಫ್ಯಾಮಿಲಿಸರ್ಚ್ ಕೇಂದ್ರಗಳಲ್ಲಿ ಕೂತು ನೋಡಿದರೆ ಅದೂ ಬೇಕಿಲ್ಲ.

ಹುಡುಕಾಟ ದಾರಿ ತಪ್ಪುವುದು ಹೆಚ್ಚಾಗಿ ಹೆಸರಿನಲ್ಲೇ. ಐರಿಷ್ ಅಡ್ಡಹೆಸರುಗಳ ಮುಂದಿನ 'ಓ' ಮತ್ತು 'ಮ್ಯಾಕ್' ಪೂರ್ವಪದಗಳು ಬಂದುಹೋಗುತ್ತಿರುತ್ತವೆ. ಗುಮಾಸ್ತ ಕೇಳಿಸಿದಂತೆ ಬರೆದ, ತಿದ್ದಲು ಸಿಪಾಯಿಗೆ ಓದು ಬರುತ್ತಿರಲಿಲ್ಲ. ಅಡ್ಡಹೆಸರನ್ನು ಬಿಟ್ಟು ರೆಜಿಮೆಂಟ್, ಕೌಂಟಿ, ಮೊದಲ ಹೆಸರು ಹಾಕಿ ಹುಡುಕಿದರೆ ಫಲ ಹೆಚ್ಚು. ಐರಿಷ್‌ನವನು ಅಂತ 88ನೇ ಕನಾಟ್ ರೇಂಜರ್ಸ್‌ನಲ್ಲೇ ಹುಡುಕುತ್ತ ಕೂರಬೇಡಿ, ಇಂಗ್ಲಿಷ್ ಕೌಂಟಿಗಳ ಹೆಸರು ಹೊತ್ತ ರೆಜಿಮೆಂಟುಗಳಲ್ಲೂ ಐರಿಷರು ತುಂಬಿದ್ದರು. ಸೈನಿಕ ಸಂಖ್ಯೆಯನ್ನೂ ಪೂರ್ತಿ ನಂಬುವಂತಿಲ್ಲ, ರೆಜಿಮೆಂಟ್ ಬದಲಾದರೆ ಸಂಖ್ಯೆಯೂ ಬದಲಾಗುತ್ತಿತ್ತು. ಸೇವೆಯ ವರ್ಷಗಳ ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ: 18 ತುಂಬುವ ಮೊದಲಿನ ಸೇವೆಯನ್ನು ಪಿಂಚಣಿಗೆ ಹಿಡಿಯುತ್ತಿರಲಿಲ್ಲ.

ಎಷ್ಟು ತಡಕಿದರೂ ಸಿಗದಿದ್ದರೆ ಅವನು ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಯಾಗಿರಬಹುದು. ಕಂಪನಿಯ ಪಿಂಚಣಿದಾರರೂ ಈ ಪಡೆಗೆ ಸೇರಿದ್ದರು, ಅವರ ಕಾಗದ ಡಬ್ಲ್ಯುಓ 97ರಲ್ಲಿ ಇರುವುದಿಲ್ಲ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಗೇ ಹೋಗಬೇಕು. ಅದರಲ್ಲಿ ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಮುಂಬಯಿ ಪ್ರಾಂತ್ಯದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ. ಇವುಗಳ ದೊಡ್ಡ ಭಾಗ ಫೈಂಡ್‌ಮೈಪಾಸ್ಟ್‌ನಲ್ಲೇ ಇದೆ. ಚಂದಾ ಕೊಟ್ಟದ್ದಕ್ಕೆ ಸಿಗುವ ಎರಡನೇ ಲಾಭ ಇದು, ಕೆಲವರಿಗೆ ಮೊದಲನೆಯದಕ್ಕಿಂತ ದೊಡ್ಡದು. ಮಕ್ಕಳು ಹುಟ್ಟುತ್ತಿದ್ದದ್ದು ಅಪ್ಪನ ಊರಲ್ಲಲ್ಲ, ರೆಜಿಮೆಂಟ್ ಬೀಡುಬಿಟ್ಟಲ್ಲಿ: ಜಿಬ್ರಾಲ್ಟರ್, ಮಾಲ್ಟಾ, ಕಾರ್ಫು, ಮದ್ರಾಸ್. ಮೊದಲು ಅಪ್ಪನ ವಿದೇಶ ಸೇವೆಯ ಪಟ್ಟಿ ಹಿಡಿದುಕೊಂಡು ಆಮೇಲೆ ಮಕ್ಕಳನ್ನು ಹುಡುಕಿ.

ಐರ್ಲೆಂಡಿನ ಕಡೆಗೆ ಮಾತ್ರ ಈ ಚಂದಾ ಅಷ್ಟಾಗಿ ಬೇಡ. 1922ರ ಜೂನ್‌ನಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟುಹೋಗಿ 1821ರಿಂದ 1851ರ ಜನಗಣತಿಗಳ ಬಹುಭಾಗ ಬೂದಿಯಾಯಿತು. ಅದನ್ನು ಯಾವ ತಾಣವೂ ತಂದುಕೊಡಲಾರದು. ಉಳಿದಿರುವ ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳ ಚಿತ್ರಗಳು ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಫ್ರೀಮ್ಯಾಂಟಲ್‌ಗೆ ಇಳಿದ ನಂತರದ ಬದುಕನ್ನು ಹುಡುಕಲು ಟ್ರೋವ್‌ಗೆ, ಅಂದರೆ ಹಳೆಯ ಪತ್ರಿಕೆಗಳಿರುವ ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿಯ ತಾಣಕ್ಕೆ, ಸಾಟಿಯಿಲ್ಲ. ಪರ್ತ್ ಗೆಜೆಟ್, ಇನ್‌ಕ್ವೈರರ್ ಪತ್ರಿಕೆಗಳಲ್ಲಿ ಕುಡಿದು ಸಿಕ್ಕಿಬಿದ್ದದ್ದು, ಜಮೀನು, ಮದುವೆ, ಸಾವು ಎಲ್ಲ ಬರುತ್ತವೆ. ಆದರೆ ಹಳೆಯ ಅಚ್ಚನ್ನು ಕಂಪ್ಯೂಟರ್ ಓದಿರುವುದರಿಂದ ಅಕ್ಷರಗಳು ಅದಲುಬದಲಾಗಿವೆ. ಹೆಸರಿನ ಬದಲು ಹಡಗು, ಊರು ಮತ್ತು 'ಪಿಂಚಣಿದಾರ' ಎಂಬರ್ಥದ ಇಂಗ್ಲಿಷ್ ಪದ ಹಾಕಿ ನೋಡಿ. ಡಬ್ಲ್ಯುಓ 22 ಎಂಬ ಪಿಂಚಣಿ ಪಾವತಿ ಪಟ್ಟಿಗಳಲ್ಲಿ ಯಾವ ಜಿಲ್ಲೆಗೆ ಯಾರು ಬಂದರು, ಯಾರು ತೀರಿಕೊಂಡರು, ದಿನಕ್ಕೆ ಎಷ್ಟು ಪೆನ್ನಿ ಎಂಬುದೆಲ್ಲ ಇದೆ. ಮೈಕ್ರೊಫಿಲ್ಮಿಗೆ ಇಳಿದ ಅದರ ಆಸ್ಟ್ರೇಲಿಯಾ ಭಾಗಗಳನ್ನು ಟ್ರೋವ್‌ನಲ್ಲೇ ನೋಡಬಹುದು. ಹೆಸರಿನ ಸೂಚಿ ಇಲ್ಲ, ಪುಟ ತಿರುವಬೇಕು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ.

ಹೆಂಡತಿ ಮಕ್ಕಳ ವಿವರಕ್ಕೆ ಕೊನೆಗೂ ಪಶ್ಚಿಮ ಆಸ್ಟ್ರೇಲಿಯಾದ ಜನನ ಮರಣ ನೋಂದಣಿ ಕಚೇರಿಗೇ ಹೋಗಬೇಕು. ನೋಂದಣಿ 1841ರಿಂದ ಇದೆ, ಸೂಚಿ ನೋಡಲು ಕಾಸಿಲ್ಲ. ಗಾರ್ಡ್ ಬೇಗ ತೀರಿಕೊಂಡಿದ್ದರೆ ಅವನ ಮರಣ ಪ್ರಮಾಣಪತ್ರದಲ್ಲಿ ಹುರುಳು ಕಡಿಮೆ. 1896ರಿಂದೀಚಿನ ಪ್ರಮಾಣಪತ್ರಗಳಲ್ಲಿ ವಿವರ ಹೆಚ್ಚು, ಹಾಗಾಗಿ ಅದರ ನಂತರ ತೀರಿಕೊಂಡ ವಿಧವೆಯದನ್ನೋ ಮಗಳದನ್ನೋ ಮೊದಲು ತರಿಸಿ.